ಹಳೆಯ ಕಾರು, ಹಳೆಯ ನಂಬಿಕೆ: ಪೆಟ್ರೋಲೋ, ಡೀಸೆಲೋ?

ಗೋವಿನಜೋಳದ ರಾಶಿ ಮುಗಿದು, ಭತ್ತದ ಕಣ ಬರಿದಾಗುವ ಹೊತ್ತಿಗೆ ಹಾನಗಲ್ ಸೀಮೆಯ ಹಳ್ಳಿಗಳಲ್ಲಿ ಹಳೆಯ ಕಾರಿನ ಮಾತು ಏಳುತ್ತದೆ. ಎರಡೋ ಮೂರೋ ಲಕ್ಷ ರೂಪಾಯಿ ಕೂಡಿಟ್ಟ ಮನೆಯವರು ಹುಬ್ಬಳ್ಳಿ, ರಾಣೇಬೆನ್ನೂರು, ಶಿರಸಿಗಳ ಕಡೆಗೆ ಗಾಡಿ ನೋಡಲು ಹೊರಡುತ್ತಾರೆ. ಮುಪ್ಪಿನ ತಾಯಿಯನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯಬೇಕು, ಬಸುರಿ ಮಗಳನ್ನು ಮಳೆಗಾಲದಲ್ಲಿ ಬೈಕಿನ ಮೇಲೆ ಕೂರಿಸಲಾಗದು, ರಾತ್ರಿ ಹನ್ನೊಂದಕ್ಕೆ ಹಾವು ಕಚ್ಚಿದರೆ ಬಸ್ಸಿಗೆ ಕಾಯಲಾಗದು. ಕಾರು ಕೊಳ್ಳುವ ಕಾರಣಗಳು ಹೆಚ್ಚಾಗಿ ಇಂಥವೇ ಆಗಿರುತ್ತವೆ. ಇವನ್ನು ಐಷಾರಾಮವೆಂದು ಜರೆಯುವುದು ಪರಿಸರ ಕಾಳಜಿಯ ಹೆಸರಿನಲ್ಲಿ ಮಾಡುವ ಅನ್ಯಾಯ.

ಆದರೆ ಗಾಡಿ ನೋಡುವ ಮೊದಲೇ ಮನೆಯಲ್ಲಿ ಒಂದು ತೀರ್ಮಾನವಾಗಿರುತ್ತದೆ: ಕೊಂಡರೆ ಡೀಸೆಲ್ ಗಾಡಿಯನ್ನೇ ಕೊಳ್ಳಬೇಕು. ‘ಡೀಸೆಲ್ ತಗೋರಿ ಯಜಮಾನ್ರ, ಟ್ರಾಕ್ಟರಿನ ಬ್ಯಾರಲ್ಲಿನಾಗ ಹೆಂಗೂ ಎಣ್ಣಿ ಇರ್ತೈತಿ’ ಎಂದು ದಲಾಲಿಯೂ ಹೇಳುತ್ತಾನೆ, ಬೀಗರೂ ಹೇಳುತ್ತಾರೆ. ಈ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಆ ಆಧಾರ ಕುಸಿದು ದಶಕ ಕಳೆದಿದ್ದರೂ ಮಾತು ಮಾತ್ರ ಉಳಿದುಕೊಂಡಿದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸಾಧಾರಣ ರೈತ ಕುಟುಂಬಕ್ಕೆ ಇಂದು ಹಳೆಯ ಡೀಸೆಲ್ ಕಾರಿಗಿಂತ ಹಳೆಯ ಪೆಟ್ರೋಲ್ ಕಾರು ಲೇಸು. ಹಣದ ಲೆಕ್ಕವೂ ಹೊಗೆಯ ಲೆಕ್ಕವೂ ಇಲ್ಲಿ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಪರಿಸರದ ಪ್ರಶ್ನೆಗಳಲ್ಲಿ ಹೀಗಾಗುವುದು ಅಪರೂಪ.

ಡೀಸೆಲಿನ ನಂಬಿಕೆ ಹುಟ್ಟಿದ್ದು ಹೇಗೆಂಬುದನ್ನು ತುಸು ವಿವರವಾಗಿ ನೋಡಬೇಕು. ಡೀಸೆಲಿನ ಬೆಲೆಯನ್ನು ಸರ್ಕಾರ ದಶಕಗಳ ಕಾಲ ತಗ್ಗಿಸಿಯೇ ಇಟ್ಟಿತ್ತು. ಪಂಪ್‌ಸೆಟ್ಟು, ಟ್ರಾಕ್ಟರು, ಲಾರಿ, ಬಸ್ಸುಗಳು ಓಡುವುದು ಡೀಸೆಲಿನಿಂದ. ಅದು ದುಬಾರಿಯಾದರೆ ಕಾಳಿನ ಬೆಲೆಯೂ ಬಸ್ಸಿನ ದರವೂ ಏರುತ್ತವೆ ಎಂಬುದು ಇದಕ್ಕೆ ಕೊಟ್ಟ ಕಾರಣ. ಕಾರಣ ಸರಿಯಾಗಿಯೇ ಇತ್ತು. ಆದರೆ ಅಗ್ಗದ ಎಣ್ಣೆ ಇರುವಲ್ಲಿ ಅದನ್ನು ಕುಡಿಯುವ ಎಂಜಿನ್ನುಗಳೂ ಬಂದು ಸೇರುತ್ತವೆ. 1998ರಲ್ಲಿ ಬಂದ ಟಾಟಾ ಇಂಡಿಕಾ ಡೀಸೆಲ್ ಕಾರನ್ನು ಸಾಮಾನ್ಯರ ಮನೆಯಂಗಳಕ್ಕೆ ತಂದಿತು. 2007ರಲ್ಲಿ ಮಾರುತಿ ಸ್ವಿಫ್ಟ್ ಡೀಸೆಲ್ ರೂಪದಲ್ಲಿಯೂ ಬಂದಿತು. 2010ರ ಜೂನ್‌ನಲ್ಲಿ ಪೆಟ್ರೋಲಿನ ಬೆಲೆಯನ್ನು ಮಾರುಕಟ್ಟೆಗೆ ಬಿಡಲಾಯಿತು, ಡೀಸೆಲನ್ನು ಬಿಡಲಿಲ್ಲ. ಅಲ್ಲಿಂದ ಎರಡರ ನಡುವಿನ ಕಂದಕ ಅಗಲವಾಗುತ್ತ ಹೋಯಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಲೀಟರ್ ಪೆಟ್ರೋಲಿಗೆ ಸುಮಾರು 73 ರೂಪಾಯಿ, ಡೀಸೆಲಿಗೆ ಸುಮಾರು 41 ರೂಪಾಯಿ. ಡೀಸೆಲ್ ಕಾರು ಲೀಟರಿಗೆ ಹೆಚ್ಚು ದೂರ ಓಡುವುದನ್ನೂ ಸೇರಿಸಿದರೆ, ಪ್ರತಿ ಕಿಲೋಮೀಟರಿಗೆ ತಗಲುವ ಖರ್ಚು ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆಯಾಗಿತ್ತು. ಆ ದಿನಗಳಲ್ಲಿ ಡೀಸೆಲ್ ಕಾರು ಕೊಂಡವರನ್ನು ದೂರುವಂತಿಲ್ಲ.

ದೂರಬೇಕಾದದ್ದು ವ್ಯವಸ್ಥೆಯನ್ನು. ಇಂಧನ ಬೆಲೆಗಳ ಕುರಿತು ಸರ್ಕಾರವೇ ನೇಮಿಸಿದ್ದ ಕಿರೀಟ್ ಪಾರಿಖ್ ಸಮಿತಿ 2010ರಲ್ಲಿ ಡೀಸೆಲ್ ಕಾರುಗಳ ಮೇಲೆ ಹೆಚ್ಚುವರಿ ಸುಂಕ ಹಾಕಬೇಕೆಂದು ಸೂಚಿಸಿತ್ತು. ಆ ಸಲಹೆ ಕಡತದಲ್ಲಿಯೇ ಉಳಿಯಿತು. 2014ರ ಜನವರಿಯಲ್ಲಿ ಪೆಟ್ರೋಲಿಯಂ ಸಚಿವಾಲಯ ಹೊರಗೆಡಹಿದ ಸಮೀಕ್ಷೆಯೊಂದರ ಪ್ರಕಾರ ದೇಶದ ಚಿಲ್ಲರೆ ಡೀಸೆಲ್ ಮಾರಾಟದಲ್ಲಿ ಖಾಸಗಿ ಕಾರು ಮತ್ತು ಜೀಪುಗಳ ಪಾಲು ಶೇ. 13ರಷ್ಟಿತ್ತು. ಇಡೀ ಕೃಷಿಯ ಪಾಲೂ ಶೇ. 13. ಅಂದರೆ ರೈತನ ಹೆಸರಿನಲ್ಲಿ ಕೊಟ್ಟ ಸಹಾಯಧನವನ್ನು ಟ್ರಾಕ್ಟರು ಮತ್ತು ಪಂಪ್‌ಸೆಟ್ಟುಗಳು ಎಷ್ಟು ಕುಡಿದವೋ ಖಾಸಗಿ ಕಾರುಗಳೂ ಅಷ್ಟೇ ಕುಡಿದವು. ಹೊಲದ ಬದುವಿನ ಪಂಪಿಗೆಂದು ತಗ್ಗಿಸಿದ ಬೆಲೆಯಲ್ಲಿ ನಗರದ ದೊಡ್ಡ ದೊಡ್ಡ ಗಾಡಿಗಳು ಹೆದ್ದಾರಿಯ ಮೇಲೆ ಹರಿದಾಡಿದವು.

2013ರ ಜನವರಿಯಿಂದ ಡೀಸೆಲಿನ ಬೆಲೆಯನ್ನು ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸತೊಡಗಿದರು. 2014ರ ಅಕ್ಟೋಬರಿನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟರು. ಕಂದಕ ತುಂಬುತ್ತ ಬಂದಿತು. 2025ರ ಏಪ್ರಿಲಿನಲ್ಲಿ ರಾಜ್ಯ ಸರ್ಕಾರ ಡೀಸೆಲಿನ ಮಾರಾಟ ತೆರಿಗೆಯನ್ನು ಏರಿಸಿದ ಬಳಿಕ ಬೆಂಗಳೂರಿನ ಬೆಲೆ ಪೆಟ್ರೋಲಿಗೆ ಸುಮಾರು 103, ಡೀಸೆಲಿಗೆ ಸುಮಾರು 91 ರೂಪಾಯಿಯಾಯಿತು. ಮೂವತ್ತೆರಡು ರೂಪಾಯಿಯ ಅಂತರ ಹನ್ನೆರಡಕ್ಕೆ ಇಳಿಯಿತು. ‘ಡೀಸೆಲ್ ಅಗ್ಗ’ ಎಂಬ ಮಾತು ಹುಟ್ಟಿದ್ದು ಮೊದಲನೆಯ ಅಂತರದಲ್ಲಿ. ಇಂದು ಕಾರು ಕೊಳ್ಳುವವನು ಬದುಕಬೇಕಾದದ್ದು ಎರಡನೆಯದರಲ್ಲಿ.

ಇನ್ನು ಲೆಕ್ಕಕ್ಕೆ ಬರಬಹುದು. ಹಾನಗಲ್ಲಿನಿಂದ ಹನ್ನೆರಡು ಕಿಲೋಮೀಟರ್ ದೂರದ ಒಂದು ಊರು; ಅಲ್ಲಿ ಐದು ಎಕರೆಯ ಒಂದು ಕುಟುಂಬ ಎಂದು ಇಟ್ಟುಕೊಳ್ಳೋಣ. ವಾರಕ್ಕೆರಡು ಬಾರಿ ಹಾನಗಲ್ ಪೇಟೆಗೆ ಹೋಗಿಬಂದರೆ ವರ್ಷಕ್ಕೆ ಎರಡೂವರೆ ಸಾವಿರ ಕಿಲೋಮೀಟರ್. ತಿಂಗಳಿಗೆರಡು ಸಲ ಹಾವೇರಿಗೆ ಹೋದರೆ ಸುಮಾರು 1,700. ವರ್ಷಕ್ಕೆ ಎಂಟು ಬಾರಿ ಹುಬ್ಬಳ್ಳಿಯ ಆಸ್ಪತ್ರೆಗೋ ಪೇಟೆಗೋ ಹೋದರೆ ಸುಮಾರು 1,300. ಜಾತ್ರೆ, ಮದುವೆ, ನೆಂಟರ ಮನೆಗೆ ಐನೂರು. ಎಲ್ಲ ಸೇರಿ ಆರು ಸಾವಿರ. ‘ಗಾಡಿ ಬಹಳ ಓಡುತ್ತದೆ’ ಎಂದು ಹೇಳುವ ಮನೆಗಳಲ್ಲಿಯೂ ಬೆರಳು ಮಡಚಿ ಎಣಿಸಿದರೆ ಎಂಟು ಸಾವಿರವನ್ನು ದಾಟುವವು ಕೆಲವೇ. ಶಾಲಾ ವಿದ್ಯಾರ್ಥಿಗಳು ತಮ್ಮ ಮನೆಯ ಓಡಾಟವನ್ನು ಒಂದು ತಿಂಗಳು ಪುಸ್ತಕದಲ್ಲಿ ಬರೆದಿಟ್ಟು ಹನ್ನೆರಡರಿಂದ ಗುಣಿಸಿ ನೋಡಬಹುದು. ಗಣಿತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು.

ಹಳೆಯ ಸಣ್ಣ ಪೆಟ್ರೋಲ್ ಕಾರು ಹಳ್ಳಿ ರಸ್ತೆಯಲ್ಲಿ ಲೀಟರಿಗೆ 16 ಕಿಲೋಮೀಟರ್, ಡೀಸೆಲ್ ಕಾರು 20 ಕಿಲೋಮೀಟರ್ ಕೊಡುತ್ತದೆಂದು ಹಿಡಿಯೋಣ. ಆರು ಸಾವಿರ ಕಿಲೋಮೀಟರಿಗೆ ಪೆಟ್ರೋಲು 375 ಲೀಟರ್, ಮೇಲಿನ ದರದಲ್ಲಿ 38,625 ರೂಪಾಯಿ. ಡೀಸೆಲು 300 ಲೀಟರ್, 27,300 ರೂಪಾಯಿ. ವರ್ಷದ ಉಳಿತಾಯ 11,325 ರೂಪಾಯಿ. ದಲಾಲಿಯ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಕೊಳ್ಳುವವನ ಲೆಕ್ಕ ಇಲ್ಲಿಂದ ಆರಂಭವಾಗಬೇಕು.

ಒಂದೇ ಕಂಪನಿಯ, ಒಂದೇ ವಯಸ್ಸಿನ, ಸುಸ್ಥಿತಿಯಲ್ಲಿರುವ ಎರಡು ಗಾಡಿಗಳಲ್ಲಿ ಡೀಸೆಲ್ ಗಾಡಿಗೆ ಲಕ್ಷ ರೂಪಾಯಿ ಹೆಚ್ಚು ಕೇಳಿದರು ಎನ್ನಿ. ಡೀಸೆಲ್ ಎಂಜಿನ್ನಿಗೆ ಆಯಿಲ್ ಹೆಚ್ಚು ಬೇಕು, ಇಂಧನದ ಫಿಲ್ಟರು ಬೇಗ ಬದಲಾಗಬೇಕು, ಬ್ಯಾಟರಿ ದೊಡ್ಡದು, ಕ್ಲಚ್ಚು ದುಬಾರಿ. ವಿಮೆಯಲ್ಲಿಯೂ ವ್ಯತ್ಯಾಸವಿದೆ: 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ ಸಾವಿರ ಸಿ.ಸಿ. ಮೀರದ ಕಾರಿನ ಮೂರನೆಯವರ ವಿಮೆಗೆ 2,094 ರೂಪಾಯಿ. ಸಾವಿರ ದಾಟಿ ಒಂದೂವರೆ ಸಾವಿರದವರೆಗಿನದಕ್ಕೆ 3,416. ಆಲ್ಟೊ, ವ್ಯಾಗನ್-ಆರ್‌ನಂಥ ಪೆಟ್ರೋಲ್ ಗಾಡಿಗಳ ಒಂದು ಲೀಟರಿನ ಎಂಜಿನ್ನು ಮೊದಲ ವರ್ಗದಲ್ಲಿ ಬರುತ್ತದೆ. ಸ್ವಿಫ್ಟ್ ಡೀಸೆಲಿನ 1,248 ಸಿ.ಸಿ. ಎಂಜಿನ್ನು ಎರಡನೆಯದರಲ್ಲಿ. ಇವೆಲ್ಲ ಸೇರಿ ವರ್ಷಕ್ಕೆ ನಾಲ್ಕು ಸಾವಿರ ಹೆಚ್ಚಾದರೂ ಉಳಿತಾಯ 7,325ಕ್ಕೆ ಇಳಿಯುತ್ತದೆ. ಮೊದಲೇ ಕೊಟ್ಟ ಲಕ್ಷ ರೂಪಾಯಿ ಮರಳಿ ಬರಲು ಹದಿಮೂರು ವರ್ಷಗಳ ಮೇಲೆ ಬೇಕು. ಏಳೆಂಟು ವರ್ಷ ಹಳೆಯದಾದ ಗಾಡಿಯ ನೋಂದಣಿಯ ಹದಿನೈದು ವರ್ಷಗಳಲ್ಲಿ ಉಳಿದಿರುವುದೇ ಏಳೆಂಟು. ಆಮೇಲೆ ಮರುನೋಂದಣಿಯ ಶುಲ್ಕವಿದೆ. 2022ರ ಏಪ್ರಿಲ್‌ನಿಂದ ಅದು ಆರು ನೂರರಿಂದ ಐದು ಸಾವಿರ ರೂಪಾಯಿಗೆ ಏರಿತು. ಈ ನಡುವೆ ಒಮ್ಮೆ ಇಂಜೆಕ್ಟರುಗಳು ಕೈಕೊಟ್ಟರೆ ಹಲವು ವರ್ಷಗಳ ಉಳಿತಾಯ ಒಂದೇ ಬಿಲ್ಲಿನಲ್ಲಿ ಕರಗಿಹೋಗುತ್ತದೆ.

ಇದೇ ಲೆಕ್ಕವನ್ನು ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರ್ ಓಡುವವನಿಗೆ ಹಾಕಿದರೆ ಉತ್ತರ ಬೇರೆ. ಎಣ್ಣೆಯಲ್ಲೇ 37,750 ರೂಪಾಯಿ ಉಳಿಯುತ್ತದೆ. ದುರಸ್ತಿಗೆ ಎಂಟು ಸಾವಿರ ಕಳೆದರೂ ಮೂರು ಮೂರೂವರೆ ವರ್ಷದಲ್ಲಿ ಲಕ್ಷ ಕೈಸೇರುತ್ತದೆ. ಶಿಗ್ಗಾಂವಿಯಿಂದ ದಿನವೂ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಹೋಗಿಬರುವ ನೌಕರ, ಬಾಡಿಗೆಗೆ ಓಡಿಸುವವ, ಸವಣೂರಿನ ವೀಳ್ಯದೆಲೆಯನ್ನು ದೂರದ ಪೇಟೆಗಳಿಗೆ ಸಾಗಿಸುವ ವ್ಯಾಪಾರಿ, ಇವರ ಪ್ರಶ್ನೆ ಬೇರೆ, ಉತ್ತರವೂ ಬೇರೆ. ಅವರ ಮಾತನ್ನು ಹೊಲ ನೆಚ್ಚಿ ಬದುಕುವ ಕುಟುಂಬವು ತನ್ನದೆಂದು ತಿಳಿಯುವುದರಲ್ಲಿಯೇ ತಪ್ಪಿದೆ.

ಬಸ್ಸನ್ನೂ ಈ ಲೆಕ್ಕದಿಂದ ಬಿಡಲಾಗದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಮನೆಯ ಹೆಣ್ಣುಮಕ್ಕಳು ಹುಬ್ಬಳ್ಳಿ, ಹಾವೇರಿಗಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲದೆ ಹೋಗಿಬರುತ್ತಿದ್ದಾರೆ. ಕಾರು ಮನೆಗೆ ಬಂದ ಮಾತ್ರಕ್ಕೆ ಈ ಓಡಾಟವನ್ನೆಲ್ಲ ಕಾರಿಗೆ ವರ್ಗಾಯಿಸಬೇಕಿಲ್ಲ. ದೂರದ ಪಯಣಕ್ಕೆ ಬಸ್ಸು, ಅಕಾಲದ ಮತ್ತು ಅನಾರೋಗ್ಯದ ಓಡಾಟಕ್ಕೆ ಕಾರು ಎಂದು ಹಂಚಿಕೊಂಡ ಮನೆಗಳಲ್ಲಿ ಕಾರು ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಅಲ್ಲಿ ಡೀಸೆಲಿನ ವಾದಕ್ಕೆ ನಿಲ್ಲಲು ನೆಲವೇ ಇರುವುದಿಲ್ಲ. ಎಣ್ಣೆಯ ಖರ್ಚು ಕಡಿಮೆಯೆಂದು ಕೊಂಡವರು, ಕಡಿಮೆಯೆಂಬ ಕಾರಣಕ್ಕೇ ಹೆಚ್ಚು ಓಡಿಸುವುದನ್ನೂ ಎಲ್ಲ ಊರುಗಳಲ್ಲಿ ಕಾಣಬಹುದು.

ಎಂಜಿನ್ನಿನ ಒಳಗೆ ನಡೆಯುವುದನ್ನು ಅರಿತರೆ ಈ ಸೀಮೆಗೆ ಡೀಸೆಲ್ ಕಾರು ಏಕೆ ಹೊಂದದೆಂಬುದು ಇನ್ನೂ ಸ್ಪಷ್ಟವಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗು ಕಿಡಿ ಹೊತ್ತಿಸುತ್ತದೆ. ಡೀಸೆಲಿನಲ್ಲಿ ಕಿಡಿಯಿಲ್ಲ, ಗಾಳಿಯನ್ನು ಬಲವಾಗಿ ಅದುಮಿ ಕಾಯಿಸಿ, ಆ ಕಾವಿನೊಳಗೆ ಎಣ್ಣೆಯನ್ನು ಸಿಂಪಡಿಸಲಾಗುತ್ತದೆ, ಅದು ತಾನೇ ಹೊತ್ತಿಕೊಳ್ಳುತ್ತದೆ. ಹೆಚ್ಚು ಅದುಮುವುದರಿಂದ ದಕ್ಷತೆ ಹೆಚ್ಚು, ಎಳೆತವೂ ಹೆಚ್ಚು. ಶಿರಸಿಯ ಕಡೆಯ ಏರು ರಸ್ತೆಯಲ್ಲಿ ಆರು ಜನರನ್ನು ಕೂರಿಸಿಕೊಂಡು ಹೋಗುವಾಗ ಡೀಸೆಲ್ ಗಾಡಿಯ ಬಲ ಗೊತ್ತಾಗುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೀಗೆ ಸಿಂಪಡಿಸಿದ ಎಣ್ಣೆಯ ಹನಿಗಳೆಲ್ಲ ಪೂರ್ತಿ ಉರಿಯುವುದಿಲ್ಲ. ಹನಿಯ ನಡುವಿನ ಭಾಗ ಗಾಳಿ ಸಾಲದೆ ಮಸಿಯಾಗುತ್ತದೆ. ಎಂಜಿನ್ ತಣ್ಣಗಿರುವಾಗ ಈ ಮಸಿ ಹೆಚ್ಚು. ಡೀಸೆಲ್ ಎಂಜಿನ್ ಕಾವೇರಲು ಪೆಟ್ರೋಲಿಗಿಂತ ಹೆಚ್ಚು ಹೊತ್ತು ಬೇಕು. ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಎಂದು ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಎಂಜಿನ್ನು ಕಾಯುವ ಹೊತ್ತಿಗೆ ಪಯಣವೇ ಮುಗಿದಿರುತ್ತದೆ. ಹೊರಬೀಳಬೇಕಾದ ಮಸಿಯ ಒಂದು ಪಾಲು ಹೊಗೆ ಮರಳಿಸುವ ಕವಾಟದಲ್ಲಿಯೂ ಗಾಳಿಯ ಕೊಳವೆಗಳಲ್ಲಿಯೂ ಹೆಪ್ಪುಗಟ್ಟುತ್ತದೆ. ಹೊಲದ ಕೆಲಸಕ್ಕೆಂದು ಕೊಂಡ ಡೀಸೆಲ್ ಕಾರು ‘ಪಿಕಪ್ ಇಲ್ಲ’ ಎಂದು ಗ್ಯಾರೇಜು ಸೇರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್.-6 ಮಾನಕ ಜಾರಿಗೆ ಬಂದಿತು. ಅಲ್ಲಿಂದೀಚಿನ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರನ್ನು ಅಳವಡಿಸಲಾಗಿದೆ. ಅದು ಒಳ್ಳೆಯದೇ. ಆದರೆ ಹಿಡಿದಿಟ್ಟ ಮಸಿಯನ್ನು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಗಾಡಿ ಒಂದೇ ಸಮನೆ ವೇಗವಾಗಿ ಕಾಲು ಗಂಟೆಯಾದರೂ ಓಡಬೇಕು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಇದು ಸಾಧ್ಯ. ಉಬ್ಬು, ತಗ್ಗು, ಎತ್ತಿನ ಗಾಡಿ, ರಸ್ತೆಯ ಮೇಲೆಯೇ ಒಣಹಾಕಿದ ಗೋವಿನಜೋಳದ ನಡುವೆ ಸಾಗುವ ಹಳ್ಳಿಯ ದಾರಿಯಲ್ಲಿ ಇದು ಸಾಧ್ಯವಿಲ್ಲ. ಫಿಲ್ಟರು ಕಟ್ಟಿಕೊಂಡು ಎಚ್ಚರಿಕೆಯ ದೀಪ ಉರಿಯುತ್ತದೆ. ಹೊಸ ಬಗೆಯ ಹಳೆಯ ಡೀಸೆಲ್ ಕಾರನ್ನು ಕೊಳ್ಳುವವರು ಇದನ್ನು ಕೇಳಿ ತಿಳಿಯುವುದೇ ಇಲ್ಲ, ಮಾರುವವರು ಹೇಳುವುದೂ ಇಲ್ಲ.

ಇನ್ನು ಬ್ಯಾರಲ್ಲಿನ ಎಣ್ಣೆಯ ವಿಚಾರ. ಟ್ರಾಕ್ಟರಿಗೆಂದು ತಂದಿಟ್ಟ ಡೀಸೆಲನ್ನು ಕಾರಿಗೂ ಹಾಕಬಹುದೆಂಬುದು ಹಳ್ಳಿಯಲ್ಲಿ ಡೀಸೆಲ್ ಕಾರಿನ ಪರವಾಗಿ ಕೇಳಿಬರುವ ದೊಡ್ಡ ವಾದ. ಹಳೆಯ ಇಂಡಿಕಾದ ಕಾಲಕ್ಕೆ ಅದು ಹೇಗೋ ನಡೆಯುತ್ತಿತ್ತು. ಈಚಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಎಣ್ಣೆಯು ವಾಯುವಿನ ಒತ್ತಡದ ಸಾವಿರಾರು ಪಟ್ಟು ಒತ್ತಡದಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ರಂಧ್ರಗಳ ಮೂಲಕ ಸಿಂಪಡಣೆಯಾಗುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಬ್ಯಾರಲ್ಲಿನಲ್ಲಿ ಮಳೆಗಾಲದ ತೇವ ತಣಿದು ನೀರಾಗಿ ತಳಕ್ಕೆ ಇಳಿದಿರುತ್ತದೆ. ಧೂಳು, ತುಕ್ಕು ಸೇರಿರುತ್ತವೆ. ಟ್ರಾಕ್ಟರಿನ ಗಟ್ಟಿ ಪಂಪು ತಡೆದುಕೊಳ್ಳುವುದನ್ನು ಕಾರಿನ ಇಂಜೆಕ್ಟರು ತಡೆದುಕೊಳ್ಳದು. ಅದನ್ನು ಬಿಚ್ಚಿ ಪರೀಕ್ಷಿಸುವ ಯಂತ್ರ ಎಲ್ಲ ಗ್ಯಾರೇಜುಗಳಲ್ಲಿ ಇರುವುದಿಲ್ಲ. ಗಾಡಿಯನ್ನು ದೊಡ್ಡ ಊರಿಗೆ ಎಳೆದೊಯ್ಯಬೇಕು. ಪೆಟ್ರೋಲ್ ಕಾರಿನ ಪ್ಲಗ್ಗು, ಕಾಯಿಲು, ಫಿಲ್ಟರುಗಳನ್ನು ಹಾನಗಲ್ಲಿನಲ್ಲಿಯೇ ಬದಲಿಸಿಕೊಂಡು ಸಂಜೆಗೆ ಮನೆ ಸೇರಬಹುದು.

ಹೊಗೆಯ ವಿಚಾರಕ್ಕೆ ಬಂದಾಗ ಮೊದಲು ಡೀಸೆಲಿನ ಪರವಾದ ಸತ್ಯವನ್ನು ಹೇಳಿಬಿಡಬೇಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ, ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.65 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊಮ್ಮುತ್ತದೆ. ಡೀಸೆಲ್ ಕಾರು ಲೀಟರಿಗೆ ಹೆಚ್ಚು ಓಡುವುದರಿಂದ ಮೇಲಿನ ಕುಟುಂಬದ ಆರು ಸಾವಿರ ಕಿಲೋಮೀಟರಿಗೆ ಪೆಟ್ರೋಲಿನಲ್ಲಿ ಸುಮಾರು 860 ಕಿಲೋ, ಡೀಸೆಲಿನಲ್ಲಿ ಸುಮಾರು 795 ಕಿಲೋ ಆಗುತ್ತದೆ. ಹವಾಮಾನದ ಒಂದೇ ತಕ್ಕಡಿಯಲ್ಲಿ ತೂಗಿದರೆ ಡೀಸೆಲ್ ತುಸು ಮೇಲು. ಈ ಒಂದೇ ತಕ್ಕಡಿಯನ್ನು ನಂಬಿಯೇ ಯುರೋಪಿನ ದೇಶಗಳು ಡೀಸೆಲ್ ಕಾರುಗಳಿಗೆ ಉತ್ತೇಜನ ಕೊಟ್ಟವು. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಹಗರಣ ಬಯಲಾಯಿತು. ತಪಾಸಣೆಯ ವೇಳೆ ಮಾತ್ರ ಹೊಗೆ ಕಡಿಮೆ ತೋರಿಸುವ ತಂತ್ರಾಂಶವನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಗಾಡಿಗಳಲ್ಲಿ ಅಳವಡಿಸಿದ್ದನ್ನು ಕಂಪನಿಯೇ ಒಪ್ಪಿಕೊಂಡಿತು. ಭಾರತದಲ್ಲಿಯೂ ಮೂರು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ಉಳಿದ ತಕ್ಕಡಿಗಳಲ್ಲಿ ಡೀಸೆಲ್ ಸೋಲುತ್ತದೆ. ಮಾರುಕಟ್ಟೆಯಲ್ಲಿ ಎರಡು ಮೂರು ಲಕ್ಷಕ್ಕೆ ಸಿಗುವ ಗಾಡಿಗಳಲ್ಲಿ ಬಹುಪಾಲು 2020ಕ್ಕೆ ಹಿಂದಿನವು. ಅವುಗಳಿಗೆ ಅನ್ವಯಿಸಿದ್ದ ಬಿ.ಎಸ್.-4 ಮಾನಕದಲ್ಲಿ ಸಾರಜನಕದ ಆಕ್ಸೈಡುಗಳ ಮಿತಿ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 0.08 ಗ್ರಾಂ, ಡೀಸೆಲ್ ಕಾರಿಗೆ 0.25 ಗ್ರಾಂ. ಕಾನೂನೇ ಮೂರು ಪಟ್ಟು ಹೊಗೆಗೆ ಅನುಮತಿ ಕೊಟ್ಟಿತ್ತು. ಬಿ.ಎಸ್.-3ರ ಗಾಡಿಗಳಲ್ಲಿ ಈ ಮಿತಿ ಇನ್ನೂ ಸಡಿಲ. 2012ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಎಂಜಿನ್ನಿನ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಪೆಟ್ರೋಲ್ ಹೊಗೆ ‘ತರಬಹುದಾದ’ ಎಂಬ ಕೆಳಗಿನ ವರ್ಗದಲ್ಲಿದೆ. ಪೆಟ್ರೋಲಿನ ಹೊಗೆ ಅಮೃತವೆಂದು ಇದರರ್ಥವಲ್ಲ.

ಹಳ್ಳಿಯ ಗಾಳಿ ಶುದ್ಧ, ಒಂದು ಗಾಡಿಯಿಂದ ಏನಾದೀತು ಎಂಬ ಮಾತಿದೆ. ಹೊಗೆಯ ಹಾನಿ ಮಾತ್ರ ಊರಿನ ಸರಾಸರಿ ಗಾಳಿಗೆ ಕಾಯುವುದಿಲ್ಲ. ಕೊಳವೆಯ ಹಿಂದೆ ಯಾರಿದ್ದಾರೆ ಎಂಬುದನ್ನು ಅವಲಂಬಿಸುತ್ತದೆ. ಓಣಿಯ ಇಕ್ಕಟ್ಟಿನಲ್ಲಿ, ಹೆಬ್ಬಾಗಿಲಿನ ಮುಂದೆಯೇ ಗಾಡಿ ಚಾಲೂ ಮಾಡಿ ‘ಎಂಜಿನ್ ಕಾಯಲಿ’ ಎಂದು ಐದು ನಿಮಿಷ ಬಿಡುತ್ತಾರೆ. ಆ ಐದು ನಿಮಿಷ ಕಟ್ಟೆಯ ಮೇಲೆ ಕುಳಿತ ಅಜ್ಜಿಯೂ ಶಾಲೆಗೆ ಹೊರಟ ಮಗುವೂ ಉಸಿರಾಡುವುದು ತಣ್ಣನೆಯ ಡೀಸೆಲಿನ ಅತಿ ಕೆಟ್ಟ ಹೊಗೆಯನ್ನು. ಬೆಳೆಗಳ ಮಾತೂ ಇದೆ. ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಇತರ ಆವಿಗಳೊಡನೆ ಸೇರಿ ನೆಲಮಟ್ಟದ ಓಝೋನನ್ನು ಹುಟ್ಟಿಸುತ್ತವೆ. ಮೇಲಿನ ಆಕಾಶದಲ್ಲಿ ರಕ್ಷಣೆ ಕೊಡುವ ಈ ಅನಿಲ ನೆಲದಲ್ಲಿ ಎಲೆಯ ರಂಧ್ರಗಳನ್ನು ಹೊಕ್ಕು ದ್ಯುತಿಸಂಶ್ಲೇಷಣೆಯನ್ನು ಕುಂದಿಸುತ್ತದೆ. ಸೋಯಾ ಅವರೆ, ಗೋದಿ, ಹತ್ತಿಗಳು ಇದಕ್ಕೆ ಬೇಗ ಮಣಿಯುವ ಬೆಳೆಗಳು. ಇದರ ಹೊಣೆಯೆಲ್ಲ ಹಳ್ಳಿಯ ಕಾರಿನದಲ್ಲ. ಹೆಚ್ಚಿನ ಪಾಲು ಹೆದ್ದಾರಿಯ ಲಾರಿಗಳದು, ನಗರಗಳದು. ಆದರೂ ತನ್ನ ಹೊಲದ ಮೇಲಿನ ಗಾಳಿಗೆ ತಾನೇ ಒಂದು ಪಾಲು ಸೇರಿಸುವ ಅಗತ್ಯ ರೈತನಿಗಿಲ್ಲ.

ಹೀಗಿದ್ದರೂ ಕೆಲವು ಡೀಸೆಲ್ ಗಾಡಿಗಳು ಆಶ್ಚರ್ಯವಾಗುವಷ್ಟು ಅಗ್ಗಕ್ಕೆ ಸಿಗುತ್ತವೆ. ಅಗ್ಗಕ್ಕೆ ಕಾರಣ ಕೇಳಬೇಕು. ಬಿ.ಎಸ್.-6ಕ್ಕೆ ಸಣ್ಣ ಡೀಸೆಲ್ ಎಂಜಿನ್ನನ್ನು ಹೊಂದಿಸುವುದು ದುಬಾರಿಯೆಂದು ಮಾರುತಿ ಕಂಪನಿ 2020ರ ಏಪ್ರಿಲಿನಿಂದ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳನ್ನು ದೆಹಲಿ ವಲಯದಲ್ಲಿ ನಿಷೇಧಿಸಿತು; ಪೆಟ್ರೋಲಿಗೆ ಹದಿನೈದು ವರ್ಷದ ಮಿತಿಯಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2025ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದು ಮಧ್ಯಂತರ ಆದೇಶವಿತ್ತಿತು. ಈ ನಡುವಿನ ವರ್ಷಗಳಲ್ಲಿ ದೆಹಲಿಯ ಹಳೆಯ ಡೀಸೆಲ್ ಗಾಡಿಗಳು ಇತರ ರಾಜ್ಯಗಳಿಗೆ ಹರಿದುಬಂದವು. ಅಲ್ಲಿಯ ಮಕ್ಕಳ ಶ್ವಾಸಕೋಶಕ್ಕೆ ಬೇಡವಾದದ್ದು ಇಲ್ಲಿಯ ಓಣಿಗೆ ಅಗ್ಗದ ಸರಕಾಗಿ ಬರುವುದರಲ್ಲಿ ಒಂದು ಕ್ರೌರ್ಯವಿದೆ. ಕಸವನ್ನು ಬಡವರ ಅಂಗಳಕ್ಕೆ ತಳ್ಳುವ ಹಳೆಯ ಪದ್ಧತಿಯೇ ಇದು. ಅಗ್ಗದ ಡೀಸೆಲ್ ಗಾಡಿಗಳ ಇನ್ನೊಂದು ಮೂಲ ಟ್ಯಾಕ್ಸಿ. ಹಳದಿ ಬೋರ್ಡಿನಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿ, ಬಿಳಿ ಬೋರ್ಡಿಗೆ ಬದಲಾಗಿ, ಮೀಟರು ಹಿಂದಕ್ಕೆ ತಿರುಗಿ, ಹೊಸ ಸೀಟಿನ ಹೊದಿಕೆ ತೊಟ್ಟು ನಿಂತಿರುತ್ತವೆ. ಆರ್.ಸಿ.ಯಲ್ಲಿ ಹಿಂದಿನ ವರ್ಗ, ಎಷ್ಟನೆಯ ಮಾಲೀಕ, ಸಾಲದ ಟಿಪ್ಪಣಿ ಇವನ್ನು ಓದದೆ ಮುಂಗಡ ಕೊಡಬಾರದು. ಕೆ.ಎ.-27ರ, ಅಂದರೆ ಹಾವೇರಿಯಲ್ಲಿಯೇ ನೋಂದಣಿಯಾದ ಗಾಡಿಯಾದರೆ ಹಿಂದಿನ ಮಾಲೀಕನ ಊರಿಗೆ ಹೋಗಿ ವಿಚಾರಿಸುವುದೂ ಸುಲಭ. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿರುವುದನ್ನು ಹಳೆಯ ಗಾಡಿಯ ಬೆಲೆ ಹೇಳುವವನಿಗೆ ನೆನಪಿಸಬಹುದು.

ಪೆಟ್ರೋಲ್ ಕಾರಿಗೂ ಒಂದು ತೊಡಕಿದೆ. ಅದನ್ನು ಮುಚ್ಚಿಟ್ಟರೆ ಲೆಕ್ಕ ಅಪ್ರಾಮಾಣಿಕವಾಗುತ್ತದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿದೆ. 2022ರ ಜೂನ್ ಹೊತ್ತಿಗೆ ಶೇ. 10ರಷ್ಟಿದ್ದ ಮಿಶ್ರಣ 2025ರಲ್ಲಿ ಶೇ. 20ನ್ನು ಮುಟ್ಟಿತು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ ಮಾತ್ರ. ಶೇ. 20ರ ಮಿಶ್ರಣದಿಂದ ಹಳೆಯ ಬಗೆಯ ಕಾರುಗಳ ಮೈಲೇಜು ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಮೇಲೆ ಹಿಡಿದ 16 ಕಿಲೋಮೀಟರು 15ಕ್ಕೆ ಇಳಿದರೆ ಆ ಕುಟುಂಬದ ವರ್ಷದ ಖರ್ಚು ಎರಡೂವರೆ ಸಾವಿರದಷ್ಟು ಏರುತ್ತದೆ. ತೀರ್ಮಾನ ಬದಲಾಗದು, ಆದರೆ ಅಂತರ ಕಿರಿದಾಗುತ್ತದೆ. 2023ರ ಏಪ್ರಿಲಿಗೆ ಹಿಂದಿನ ಗಾಡಿಗಳ ರಬ್ಬರು ಕೊಳವೆ, ವಾಷರುಗಳು ಈ ಮಿಶ್ರಣಕ್ಕೆಂದು ತಯಾರಾದವಲ್ಲ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ; ಆಷಾಢ, ಶ್ರಾವಣಗಳಲ್ಲಿ ವಾರಗಟ್ಟಲೆ ನಿಂತ ಗಾಡಿಯ ಅರೆಬರೆ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳ ಸೇರುವ ಅಪಾಯವಿದೆ. ಮಳೆ ಹಿಡಿಯುವ ಮೊದಲು ಟ್ಯಾಂಕು ತುಂಬಿಸಿಡುವುದು, ಹತ್ತು ದಿನಕ್ಕೊಮ್ಮೆಯಾದರೂ ಹಾನಗಲ್ಲಿನವರೆಗೆ ಓಡಿಸುವುದು, ಕೊಳ್ಳುವಾಗಲೇ ಪೆಟ್ರೋಲಿನ ಕೊಳವೆಗಳನ್ನು ಬೆಳಕಿಗೆ ಹಿಡಿದು ಬಿರುಕು ನೋಡುವುದು ಇದಕ್ಕೆ ಉಪಾಯ.

ಎಥೆನಾಲಿನ ಕತೆ ಇಲ್ಲಿಗೆ ಮುಗಿಯುವುದೂ ಇಲ್ಲ. ಕಬ್ಬಿನೊಡನೆ ಗೋವಿನಜೋಳವೂ ಎಥೆನಾಲಿನ ಕಚ್ಚಾ ಸರಕಾದಾಗ ಹಿರೇಕೆರೂರು, ಹಾನಗಲ್ಲುಗಳ ರೈತರಿಗೆ ಒಳ್ಳೆಯ ದರದ ಆಸೆ ಹುಟ್ಟಿತು. ಹಿಂದೆ ಬಿಳಿಜೋಳ, ಹತ್ತಿ, ಸಾವೆ, ನವಣೆ ಇದ್ದ ಹೊಲಗಳಲ್ಲಿಯೂ ಗೋವಿನಜೋಳವೇ ನಿಂತಿತು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ನವೆಂಬರಿನಲ್ಲಿ ರಾಜ್ಯದ ಮಾರುಕಟ್ಟೆಗಳಲ್ಲಿ ದರ 1,600ರಿಂದ 1,800ರ ಆಸುಪಾಸಿಗೆ ಬಿದ್ದು ರೈತರು ಬೀದಿಗಿಳಿಯಬೇಕಾಯಿತು. ಕಾರಿನ ಟ್ಯಾಂಕಿನಲ್ಲಿ ಐದರಲ್ಲೊಂದು ಪಾಲು ಬೆಳೆಯಿಂದ ಬಂದ ಎಣ್ಣೆ, ಅದರ ದರ ಲೀಟರಿಗೆ ನೂರು ದಾಟಿದೆ. ಅದೇ ಬೆಳೆಯನ್ನು ಬೆಳೆದವನ ಚೀಲ ಮಾತ್ರ ಎ.ಪಿ.ಎಂ.ಸಿ. ಅಂಗಳದಲ್ಲಿ ಬೆಂಬಲ ಬೆಲೆಗೆ ಕಾಯುತ್ತ ಬಿದ್ದಿತ್ತು. ಹಳೆಯ ಪೆಟ್ರೋಲ್ ಕಾರನ್ನು ಕೊಳ್ಳಲು ಹುಬ್ಬಳ್ಳಿಯ ಬಸ್ಸು ಹತ್ತಿದವರ ಕಿಸೆಯಲ್ಲಿ ಆ ವರ್ಷ ಅಂದುಕೊಂಡಷ್ಟು ಹಣವಿರಲಿಲ್ಲ.